ಫೋಟೋದಲ್ಲಿ ಹೊಗೆ, ಶೆಡ್ಡಿನಲ್ಲಿ ಕಾರಣ

ನನ್ನ ಹತ್ತಿರ ಒಂದು ಹಳೆಯ ಫೋಟೋ ಇದೆ. ಗೂಡ್ಸ್ ರೈಲು ಏರು ಹತ್ತುತ್ತಿದೆ. ಡೀಸೆಲ್ ಎಂಜಿನ್ನಿನ ನೆತ್ತಿಯಿಂದ ಕರೀ ಹೊಗೆ ಎದ್ದು, ಹಿಂದಿನ ಆರು ವ್ಯಾಗನ್‌ಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಮಲಗಿದೆ. ಸಂಜೆ ಬಿಸಿಲು, ಹಳಿಯ ತಿರುವು, ಎಲ್ಲ ಕೂಡಿ ಬಂದಿತ್ತು. ನಾನು ತೆಗೆದದ್ದರಲ್ಲಿ ಇದೇ ಚೆಂದದ್ದು ಅಂತ ಬಹಳ ದಿನ ಬೀಗಿದ್ದೆ. ಆಮೇಲೆ ರೈಲು ಎಂಜಿನ್‌ಗಳ ರಿಪೇರಿ ನಡೆಯುವ ಡೀಸೆಲ್ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದೆ, ಅಲ್ಲಿ ಒಬ್ಬ ಹಿರಿಯ ಫಿಟ್ಟರ್‌ಗೆ ಅದನ್ನು ತೋರಿಸಿದೆ. ಅವರು ಚೆಂದ ಇದೆ ಅನ್ನಲಿಲ್ಲ. ಬೆರಳಿಟ್ಟು ವ್ಯಾಗನ್ ಎಣಿಸಿದರು. "ಒಂದು, ಎರಡು... ಆರು. ಪಾಪ, ಉಸಿರು ಕಟ್ಟಿದೆ ಇದಕ್ಕೆ. ಏರ್ ಫಿಲ್ಟರ್ ನೋಡಿ ಎಷ್ಟು ದಿನ ಆಗಿತ್ತೋ!"

ವ್ಯಾಗನ್ ಎಣಿಸಿದ್ದು ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ. ಅದು ತಿಳಿಯಬೇಕಾದರೆ ಆ ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿರಬೇಕು.

ಬಹಳ ಜನ ಅಂದುಕೊಂಡಿರುವುದು ಲಾರಿಯ ಹಾಗೇ ಇಲ್ಲೂ ಡೀಸೆಲ್ ಎಂಜಿನ್ ಗಾಲಿ ತಿರುಗಿಸುತ್ತದೆ ಅಂತ. ಹಳೆಯ ಗೂಡ್ಸ್ ಎಂಜಿನ್‌ಗಳಲ್ಲಿ ಹೆಚ್ಚಿನವು ಹಾಗಲ್ಲ. ಡೀಸೆಲ್ ಎಂಜಿನ್ನಿಗೆ ಒಂದು ದೊಡ್ಡ ದೌರ್ಬಲ್ಯ ಇದೆ: ನಿಂತಿದ್ದಾಗ ಅದಕ್ಕೆ ಒಂದಿಷ್ಟೂ ಶಕ್ತಿ ಇಲ್ಲ. ಮೊದಲು ತಾನು ತಿರುಗುತ್ತಿರಬೇಕು, ಆಮೇಲೆ ಬೇರೆಯದನ್ನು ತಿರುಗಿಸಬಲ್ಲದು. ಲಾರಿಯಲ್ಲಿ ಈ ತೊಡಕನ್ನು ಕ್ಲಚ್ ಬಿಡಿಸುತ್ತದೆ. ಆದರೆ ಎರಡು ಸಾವಿರ ಟನ್ ಸರಕನ್ನು ಕ್ಲಚ್ ಒತ್ತಿ ಬಿಟ್ಟು ಹೊರಡಿಸಲು ಹೋದರೆ, ರೈಲು ಅಲುಗುವ ಮೊದಲೇ ಕ್ಲಚ್ ಸುಟ್ಟು ಹೋಗುತ್ತದೆ. ಅದಕ್ಕೆ ಡೀಸೆಲ್ ಎಂಜಿನ್ನಿಗೆ ಒಂದು ಜನರೇಟರ್ ಕಟ್ಟಿದರು. ಅದು ಕರೆಂಟ್ ಹುಟ್ಟಿಸುತ್ತದೆ, ಕರೆಂಟ್ ದಪ್ಪ ಕೇಬಲ್‌ಗಳಲ್ಲಿ ಕೆಳಗಿಳಿದು ಗಾಲಿಯ ಅಚ್ಚಿಗೆ ಜೋಡಿಸಿದ ಮೋಟರ್‌ಗೆ ಹೋಗುತ್ತದೆ. ಆ ಹಳೆಯ ಡಿಸಿ ಮೋಟರ್‌ನ ಗುಣ ಡೀಸೆಲ್‌ಗೆ ಸರಿಯಾಗಿ ತದ್ವಿರುದ್ಧ. ನಿಂತಲ್ಲೇ ಅದರ ಎಳೆತ ಜಾಸ್ತಿ. ಒಬ್ಬನಿಗಿಲ್ಲದ್ದು ಇನ್ನೊಬ್ಬನಿಗೆ ಇತ್ತು, ಜೋಡಿ ಹೊಂದಿತು. ಅಂದರೆ ನಾವು ಡೀಸೆಲ್ ಎಂಜಿನ್ ಅನ್ನುವುದು ನಿಜವಾಗಿ ತನ್ನ ಕರೆಂಟ್ ಮನೆಯನ್ನು ತಾನೇ ಹೊತ್ತು ತಿರುಗುವ ಎಲೆಕ್ಟ್ರಿಕ್ ಎಂಜಿನ್. (ಜರ್ಮನಿಯವರು ಕರೆಂಟ್ ಬಿಟ್ಟು ಎಣ್ಣೆಯ ಹರಿವಿನಿಂದ ಗಾಲಿ ತಿರುಗಿಸುವ ದಾರಿಯಲ್ಲೂ ಬಹಳ ದೂರ ಹೋದರು. ಅದು ಬೇರೆಯೇ ಕಥೆ.)

ಇದು ಗೂಡ್ಸ್ ಕೆಲಸಕ್ಕೂ ಆಗುತ್ತದೆ ಅಂತ ಜನ ನಂಬಿದ್ದು 1939ರ ಆಚೆಗೆ. ಆ ವರ್ಷ ಅಮೆರಿಕದಲ್ಲಿ ಎಫ್‌ಟಿ ಅನ್ನುವ ಪ್ರದರ್ಶನದ ಎಂಜಿನ್ ಹೊರಬಂತು. ತಲಾ 1350 ಅಶ್ವಶಕ್ತಿಯ ನಾಲ್ಕು ತುಂಡು, ಒಟ್ಟು 5400. ಬೇರೆ ಬೇರೆ ರೈಲ್ವೆಗಳಲ್ಲಿ ಸುಮಾರು 83 ಸಾವಿರ ಮೈಲಿ ಓಡಾಡಿ, ಉಗಿ ಎಂಜಿನ್‌ಗಳ ಜಾಗಕ್ಕೆ ತಾನು ಬರಬಲ್ಲೆ ಅಂತ ತೋರಿಸಿತು. ಭಾರತಕ್ಕೆ ನಮಗೆಲ್ಲ ಗೊತ್ತಿರುವ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಬಂದದ್ದು 1962ರಲ್ಲಿ, ಅಮೆರಿಕದ ಆಲ್ಕೋ ಕಂಪನಿಯಿಂದ. 1964ರಿಂದ ವಾರಾಣಸಿಯಲ್ಲೇ ತಯಾರಾಗತೊಡಗಿತು. ಆಲ್ಕೋ 1969ರಲ್ಲಿ ಬಾಗಿಲು ಹಾಕಿತು. ಅದರ ಎಂಜಿನ್ ಮಾತ್ರ ವಾರಾಣಸಿಯಲ್ಲಿ ದಶಕಗಟ್ಟಲೆ ಹುಟ್ಟುತ್ತಲೇ ಇತ್ತು.

ಈಗ ಹೊಗೆಗೆ ಬರೋಣ.

ಡ್ರೈವರ್ ಕೈಯಲ್ಲಿ ಇರುವುದು ಎಂಟು ಮೆಟ್ಟಿಲಿನ ಹಿಡಿ. ಒಂದೊಂದು ಮೆಟ್ಟಿಲಿಗೆ ನಾಚ್ ಅನ್ನುತ್ತಾರೆ. ಡಬ್ಲ್ಯುಡಿಎಂ-2ರಲ್ಲಿ ಸುಮ್ನೆ ನಿಂತಾಗ ಎಂಜಿನ್ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚ್‌ನಲ್ಲಿ 1000 ಸುತ್ತು. ಡ್ರೈವರ್ ನೇರವಾಗಿ ಡೀಸೆಲ್ ಸುರಿಯುವುದಿಲ್ಲ. ನನಗೆ ಇಷ್ಟು ಸುತ್ತು ಬೇಕು ಅಂತ ಕೇಳುತ್ತಾನೆ, ಅಷ್ಟೇ. ನಡುವೆ ಗವರ್ನರ್ ಅನ್ನುವ ಒಂದು ಪೆಟ್ಟಿಗೆ ಇದೆ, ಅದು ಆ ಸುತ್ತು ಬರುವ ತನಕ ಡೀಸೆಲ್ ಹೆಚ್ಚಿಸುತ್ತದೆ. ಡೀಸೆಲ್ ಹೆಚ್ಚಿಸುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ. ತಡ ಆಗುವುದು ಗಾಳಿಯದ್ದು.

ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಕಡಿಮೆ ಅಂದರೂ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಅಷ್ಟು ಗಾಳಿಯನ್ನು ಸಿಲಿಂಡರ್ ತಾನಾಗಿ ಎಳೆದುಕೊಳ್ಳಲಾರದು, ಟರ್ಬೋ ಅನ್ನುವ ಗಾಳಿ ಪಂಪು ತುರುಕಬೇಕು. ಟರ್ಬೋವನ್ನು ತಿರುಗಿಸುವುದು ಯಾರು? ಎಂಜಿನ್ ಹೊರಗೆ ಬಿಟ್ಟ ಬಿಸಿ ಹೊಗೆಯೇ. ಇಲ್ಲಿದೆ ನೋಡಿ ತಮಾಷೆ. ಜಾಸ್ತಿ ಗಾಳಿ ಬೇಕಾದರೆ ಜಾಸ್ತಿ ಹೊಗೆ ಬರಬೇಕು, ಜಾಸ್ತಿ ಹೊಗೆ ಬರಬೇಕಾದರೆ ಜಾಸ್ತಿ ಡೀಸೆಲ್ ಉರಿಯಬೇಕು, ಅದು ಉರಿಯಬೇಕಾದರೆ ಮತ್ತೆ ಗಾಳಿ ಬೇಕು. ಟರ್ಬೋದ ಚಕ್ರ ವೇಗ ಹಿಡಿಯುವ ಆ ಕೆಲವು ಸೆಕೆಂಡು ಸಿಲಿಂಡರ್‌ನಲ್ಲಿ ಡೀಸೆಲ್ ಇದೆ, ಗಾಳಿ ಸಾಲದು. ಅರ್ಧ ಉರಿದ ಡೀಸೆಲ್ ಮಸಿಯಾಗಿ ಹೊರಗೆ ಬೀಳುತ್ತದೆ. ಅದೇ ನಾವು ಕ್ಯಾಮೆರಾ ಹಿಡಿದು ಕಾಯುವ ಆ ಕರೀ ಹೊಗೆ. ಶಕ್ತಿಯ ಗುರುತು ಅಂತ ನಾನು ನಂಬಿದ್ದೆ. ಶಕ್ತಿ ಇನ್ನೂ ಬಂದಿಲ್ಲ ಅನ್ನುವುದರ ಗುರುತು ಅದು. ಟರ್ಬೋ ವೇಗ ಹಿಡಿದ ಮೇಲೆ, ಆರೋಗ್ಯವಾಗಿರುವ ಎಂಜಿನ್ ಎಂಟನೇ ನಾಚ್‌ನಲ್ಲಿ ಪೂರ್ತಿ ಎಳೆಯುತ್ತಿದ್ದರೂ ಹೊಗೆ ತೆಳ್ಳಗೆ ಬೂದಿ ಬಣ್ಣ, ಕೆಲವೊಮ್ಮೆ ಬರೀ ಬಿಸಿ ಗಾಳಿಯ ಅಲೆ.

ವ್ಯಾಗನ್ ಎಣಿಸಿದ ಲೆಕ್ಕ ಇಲ್ಲಿಂದ ಬಿಡಿಸಿಕೊಳ್ಳುತ್ತದೆ. ಗಾಳಿ ಬೀಸದ ಸಂಜೆ ಹೊಗೆ ಹುಟ್ಟಿದ ಜಾಗದಲ್ಲೇ ತೂಗುತ್ತಾ ನಿಲ್ಲುತ್ತದೆ, ರೈಲು ಅದರ ಕೆಳಗಿಂದ ಮುಂದೆ ಹೋಗುತ್ತದೆ. ಏರಿನಲ್ಲಿ ಗಂಟೆಗೆ 20 ಕಿ.ಮೀ. ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಟರ್ಬೋ ತಡವಾದ ನಾಲ್ಕು ಸೆಕೆಂಡಿನ ಹೊಗೆ ಆದರೆ 22 ಮೀಟರ್ ಉದ್ದ ಇರಬೇಕು, ಎಂಜಿನ್ನು ಮತ್ತು ಹೆಚ್ಚೆಂದರೆ ಒಂದು ವ್ಯಾಗನ್ನಿನ ಮೇಲೆ. ನನ್ನ ಫೋಟೋದಲ್ಲಿ ಎಂಜಿನ್ನು ಸೇರಿ ಸುಮಾರು 80 ಮೀಟರ್ ಹೊಗೆ ಇತ್ತು. ಹದಿನಾಲ್ಕು, ಹದಿನೈದು ಸೆಕೆಂಡು ಆದರೂ ಎಂಜಿನ್ ಚೇತರಿಸಿಕೊಂಡಿಲ್ಲ. ಕೊನೆಗೂ ಅದು ಎಲ್ಲಿ ಮುಗಿಯಿತು ಅನ್ನುವುದು ಫೋಟೋದಲ್ಲೇ ಇಲ್ಲ. ಒಂದು ಸೆಕೆಂಡಿನ ಚೂರನ್ನು ಹಿಡಿದ ಚಿತ್ರದಲ್ಲಿ ಹಿಂದಿನ ಕಾಲು ನಿಮಿಷದ ಇತಿಹಾಸ ಆಕಾಶದಲ್ಲಿ ಬರೆದಿಟ್ಟಿತ್ತು, ನಾನು ಬಿಸಿಲಿನ ಬಣ್ಣ ನೋಡುತ್ತಾ ಕೂತಿದ್ದೆ.

ಹೊಗೆ ನಿಲ್ಲದಿದ್ದರೆ ಕಾರಣ ಹುಡುಕುವುದು ಸುಲಭ ಅಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅಂತಾರಲ್ಲ, ಹೊಸಬರು ಮಾಡುವುದು ಅದನ್ನೇ. ಕರೀ ಹೊಗೆ ಕಂಡ ತಕ್ಷಣ, ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಲು ಹೋಗುತ್ತಾರೆ. ನಾನೂ ಬಿಚ್ಚಿದ್ದೇನೆ. ಅರ್ಧ ದಿನ ಹೋಯಿತು, ಕೊನೆಗೆ ತಪ್ಪಿತಸ್ಥ ಯಾರು ಅಂದರೆ ಧೂಳು ಕಟ್ಟಿದ ಏರ್ ಫಿಲ್ಟರ್. ಡೀಸೆಲ್ ಸರಿಯಾಗಿಯೇ ಬರುತ್ತಿರುತ್ತದೆ, ಗಾಳಿಯ ದಾರಿ ಕಟ್ಟಿರುತ್ತದೆ. ಟರ್ಬೋದ ರೆಕ್ಕೆಗೆ ಮಸಿ ಅಂಟಿದ್ದರೂ, ಗಾಳಿಯ ಕೊಳವೆಯ ಜೋಡಣೆಯಲ್ಲಿ ಸೋರಿಕೆ ಇದ್ದರೂ ಇದೇ ಲಕ್ಷಣ. ಇಂಜೆಕ್ಟರ್ ತುದಿ ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಿಸದೆ ತೊಟ್ಟಿಕ್ಕಿಸುತ್ತಿದ್ದರೆ, ಆಗ ಮಾತ್ರ ಬರೆ ಹಾಕಬೇಕಾದದ್ದು ಅದಕ್ಕೆ.

ಬಣ್ಣವೂ ಮಾತಾಡುತ್ತದೆ. ನೀಲಿ ಛಾಯೆ ಇದ್ದರೆ ಲೂಬ್ ಆಯಿಲ್ ಉರಿಯುತ್ತಿದೆ. ಬಿಳಿ ಇದ್ದರೆ ಎಂಜಿನ್ ಇನ್ನೂ ತಣ್ಣಗಿದೆ, ಡೀಸೆಲ್ ಉರಿಯದೆ ಆವಿಯಾಗಿ ಹೋಗುತ್ತಿದೆ, ಅಥವಾ ಎಲ್ಲೋ ನೀರು ಒಳಗೆ ಇಳಿಯುತ್ತಿದೆ. ಗಂಟೆಗಟ್ಟಲೆ ಸುಮ್ನೆ ಓಡುತ್ತಾ ನಿಂತ ಎಂಜಿನ್ ಹೊರಡುವಾಗ ಕಿಡಿ ಉಗುಳುವುದನ್ನು ನೋಡಿರಬಹುದು. ರಾತ್ರಿ ಅದು ದೀಪಾವಳಿಯ ಹಾಗೆ ಕಾಣುತ್ತದೆ. ಕಡಿಮೆ ಬಿಸಿಯಲ್ಲಿ ಓಡುವಾಗ ಹೊಗೆಯ ದಾರಿಯಲ್ಲಿ ಎಣ್ಣೆ, ಮಸಿ ಕೂತಿರುತ್ತದೆ, ಲೋಡ್ ಬಿದ್ದು ಕಾವೇರಿದಾಗ ಅದೇ ಹೊತ್ತಿಕೊಂಡು ಹಾರುತ್ತದೆ.

ಎಲ್ಲ ಎಂಜಿನ್‌ಗಳೂ ಹೀಗೆ ಹೊಗೆ ಕಾರುತ್ತಿರಲಿಲ್ಲ. ಅಮೆರಿಕದ ಇಎಂಡಿ ಕಂಪನಿಯವರ ಹಳೆಯ 567 ಎಂಜಿನ್ ಎರಡು ಸ್ಟ್ರೋಕಿನದು. ಹೆಚ್ಚಿನವುಗಳಲ್ಲಿ ಟರ್ಬೋ ಬದಲು ಎಂಜಿನ್ನೇ ಗೇರ್ ಹಲ್ಲಿನಿಂದ ತಿರುಗಿಸುವ ಬ್ಲೋವರ್ ಇರುತ್ತಿತ್ತು. ಸುತ್ತು ಏರಿದ ತಕ್ಷಣ ಗಾಳಿಯೂ ಏರಿತು, ಕಾಯುವ ಮಾತೇ ಇಲ್ಲ. ಆಲ್ಕೋದವು ಕಾಯಿಸುತ್ತಿದ್ದವು. ಹೊಗೆ ಬಿಡುವುದರಲ್ಲಿ ಉಗಿ ಎಂಜಿನ್ನಿನ ಅಣ್ಣತಮ್ಮ ಅಂತ ಅಮೆರಿಕದ ರೈಲು ಹುಚ್ಚರು ಅವನ್ನು ಪ್ರೀತಿಯಿಂದ ಗೌರವ ಉಗಿ ಎಂಜಿನ್ ಎಂದೇ ಕರೆದರು. ಸದ್ದಿಗೂ ಹೀಗೆ ಹೆಸರು ಬಿದ್ದಿದೆ. ಸೋವಿಯತ್ ಒಕ್ಕೂಟದ ಎಂ62 ಗೂಡ್ಸ್ ಎಂಜಿನ್ ಜರ್ಮನಿಗೆ ಬಂದಾಗ ಅದರ ಹೊಗೆ ಕೊಳವೆಗೆ ಸೈಲೆನ್ಸರ್ ಇರಲಿಲ್ಲ. ಅಲ್ಲಿಯ ಜನ ಅದಕ್ಕೆ ತೈಗಾ ಕಾಡಿನ ತಮಟೆ ಅನ್ನುವ ಅರ್ಥದ ಹೆಸರಿಟ್ಟರು.

ಏರಿನಲ್ಲಿ ಯಾಕೆ ಇಷ್ಟು ಒದ್ದಾಟ ಅಂತ ಒಂದು ಲೆಕ್ಕ ಹಾಕೋಣ, ನನಗೆ ಈ ಲೆಕ್ಕ ತುಂಬಾ ಇಷ್ಟ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಬಹಳ ಸಲೀಸಾಗಿ ಉರುಳುತ್ತದೆ. ಸಮತಟ್ಟಿನಲ್ಲಿ ಒಂದು ಟನ್ ಸರಕನ್ನು ಉರುಳಿಸಲು ಎರಡು ಮೂರು ಕಿಲೋ ಎಳೆತ ಸಾಕು. ಆದರೆ ನೂರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ ಏರುವ ದಾರಿಯಲ್ಲಿ, ಕಣ್ಣಿಗೆ ಏರು ಅಂತಲೇ ಕಾಣದ ದಾರಿ ಅದು, ಟನ್ನಿಗೆ ಇನ್ನೂ ಹತ್ತು ಕಿಲೋ ಎಳೆತ ಬೇಕು. 2000 ಟನ್ ರೈಲಿಗೆ 20 ಟನ್ ಎಳೆತ ಬರೀ ಏರಿಗೇ ಹೋಯಿತು, ಉರುಳಲು ಬೇಕಾದ್ದು ಬೇರೆ. ಇನ್ನು ಎಂಜಿನ್ ಕಡೆ ನೋಡಿ. ಡಬ್ಲ್ಯುಡಿಎಂ-2ರ ತೂಕ ಸುಮಾರು 112 ಟನ್. ಒಣ ಹಳಿಯಲ್ಲಿ ತನ್ನ ತೂಕದ ಕಾಲು ಭಾಗದಷ್ಟು ಎಳೆದರೆ ಗಾಲಿ ಜಾರುವ ಅಂಚಿಗೆ ಬಂತು. ಅಂದರೆ 28 ಟನ್. ಬೇಕಾದದ್ದು 24ರಿಂದ 26. ಉಳಿದದ್ದು ಎರಡರಿಂದ ನಾಲ್ಕು ಟನ್‌ನ ಅಂತರ, ಅಷ್ಟೇ. ಒಂದು ತುಂತುರು ಮಳೆ, ಹಳಿಯ ಮೇಲೆ ಒಂದಿಷ್ಟು ಎಲೆ ಬಿದ್ದರೆ ಆ ಅಂತರ ಮಾಯ. 2600 ಅಶ್ವಶಕ್ತಿ ಇದ್ದು ಏನು ಬಂತು? ಹಳಿ ಹಿಡಿತ ಕೊಡದಿದ್ದರೆ ಗಾಲಿ ನಿಂತಲ್ಲೇ ಗಿರಗಿರ.

ಅದಕ್ಕೇ ಮರಳು. ಇಷ್ಟು ದೊಡ್ಡ ಯಂತ್ರದ ಕೊನೆಯ ಆಸರೆ ಒಂದು ಹಿಡಿ ಮರಳು ಅಂದರೆ ನನಗೆ ಈಗಲೂ ನಗು ಬರುತ್ತದೆ. ಗಾಲಿಯ ಮುಂದೆ ಸಣ್ಣ ಕೊಳವೆಯಿಂದ ಗಾಳಿ ಒತ್ತಡದಲ್ಲಿ ಹಳಿಗೆ ಉದುರಿಸುತ್ತಾರೆ. ಒದ್ದೆ ಮರಳು ಕೊಳವೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಹಾಗಾಗಿ ಶೆಡ್ಡಿನಲ್ಲಿ ಮರಳನ್ನು ಒಣಗಿಸಿ, ಜರಡಿ ಹಿಡಿದು ತುಂಬುತ್ತಿದ್ದೆವು. ಮುಂದಿನ ಸಲ ಏರಿನ ಫೋಟೋ ಸಿಕ್ಕರೆ ಹಳಿಯ ನೆತ್ತಿ ನೋಡಿ. ಬಿಳೀ ಪುಡಿಯ ಗೆರೆ ಇದ್ದರೆ ಮುಂದೆ ಹೋದ ಡ್ರೈವರ್‌ಗೆ ಬೆವರು ಇಳಿದಿತ್ತು ಅಂತ ಅರ್ಥ.

ಡ್ರೈವರ್ ಕಣ್ಣಿಡುವುದು ಸ್ಪೀಡ್ ಮೇಲೆ ಮಾತ್ರ ಅಲ್ಲ, ಆಂಪಿಯರ್ ಮೀಟರ್ ಮೇಲೆ. ರೈಲು ನಿಧಾನ ಆದಷ್ಟೂ ಮೋಟರ್ ಜಾಸ್ತಿ ಕರೆಂಟ್ ಕುಡಿಯುತ್ತದೆ. ಕರೆಂಟ್ ಎರಡು ಪಟ್ಟು ಆದರೆ ಕಾವು ನಾಲ್ಕು ಪಟ್ಟು. ಹಾಗಾಗಿ ಪ್ರತಿ ಎಂಜಿನ್ನಿಗೂ ಒಂದು ಕನಿಷ್ಠ ವೇಗ ಗೊತ್ತು ಮಾಡಿರುತ್ತಾರೆ. ಅದಕ್ಕಿಂತ ಕೆಳಗೆ ಪೂರ್ತಿ ಎಳೆತ ಅಂದರೆ ಲೆಕ್ಕ ನಿಮಿಷದಲ್ಲಿ, ಆಮೇಲೆ ಮೋಟರ್ ಸುಡುತ್ತದೆ. ರೈಲು ನಡಿಗೆಯ ವೇಗಕ್ಕೆ ಬಂದಾಗ ನಮ್ಮಂಥ ಫೋಟೋದವರಿಗೆ ಖುಷಿ, ಆರಾಮಾಗಿ ಮೂರು ನಾಲ್ಕು ಚಿತ್ರ ತೆಗೆಯಬಹುದು. ಒಳಗಿರುವವರಿಗೆ ಅದೇ ಗಳಿಗೆ ನರಕ.

ಏರು ಮುಗಿದು ಇಳಿಜಾರು ಬಂದರೆ ಆಟ ತಲೆಕೆಳಗಾಗುತ್ತದೆ. ಅದೇ ಮೋಟರ್‌ಗಳನ್ನು ಜನರೇಟರ್ ಮಾಡಿ, ಗಾಲಿಯಿಂದ ಶಕ್ತಿ ಕಿತ್ತು, ಆ ಕರೆಂಟನ್ನು ದೊಡ್ಡ ರೆಸಿಸ್ಟರ್‌ಗಳಲ್ಲಿ ಸುಟ್ಟು ಕಾವಾಗಿ ಊದಿಬಿಡುವ ಏರ್ಪಾಟು ಅನೇಕ ಎಂಜಿನ್‌ಗಳಲ್ಲಿ ಇತ್ತು. ಹೊಗೆ ಇಲ್ಲ, ಫ್ಯಾನಿನ ಕೂಗು ಮಾತ್ರ. ಉಳಿದದ್ದಕ್ಕೆ ಗಾಳಿ ಬ್ರೇಕು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮಾಡಿದ ಮೊದಲ ಬ್ರೇಕಿನಲ್ಲಿ ಗಾಳಿ ತುಂಬಿದರೆ ಬ್ರೇಕ್ ಹಿಡಿಯುತ್ತಿತ್ತು. ಪೈಪ್ ಹರಿದರೆ ಬ್ರೇಕೇ ಇಲ್ಲ! 1872ರಲ್ಲಿ ಅದನ್ನು ತಿರುಗಿಸಿದರು. ಈಗ ಪೈಪಿನಲ್ಲಿ ಗಾಳಿ ಇದ್ದರೆ ಬ್ರೇಕ್ ಸಡಿಲ, ಗಾಳಿ ಹೋದರೆ ಪ್ರತಿ ವ್ಯಾಗನ್ ತನ್ನದೇ ಟ್ಯಾಂಕಿನ ಗಾಳಿಯಿಂದ ಬ್ರೇಕ್ ಹಿಡಿಯುತ್ತದೆ. ವ್ಯಾಗನ್‌ಗಳ ನಡುವಿನ ಕೊಂಡಿ (ಕಪ್ಲಿಂಗ್) ತುಂಡಾದರೆ ರೈಲಿನ ಎರಡೂ ತುಂಡು ತಾವಾಗಿ ನಿಲ್ಲುತ್ತವೆ. ತೊಡಕು ಏನೆಂದರೆ ಆ ಸುದ್ದಿ ರೈಲಿನ ಬಾಲಕ್ಕೆ ತಲುಪಲು ಕೆಲವು ಸೆಕೆಂಡು ಬೇಕು. ಮುಂದಿನವು ನಿಲ್ಲಲು ಶುರು, ಹಿಂದಿನವಕ್ಕೆ ಇನ್ನೂ ಗೊತ್ತೇ ಇಲ್ಲ. ಒಂದೊಂದು ಜೋಡಣೆಯಲ್ಲಿ ಐದು ಸೆಂ.ಮೀ. ಸಡಿಲ ಅಂದುಕೊಳ್ಳಿ, 50 ವ್ಯಾಗನ್ನಿಗೆ ಎರಡೂವರೆ ಮೀಟರ್. ಅಷ್ಟೂ ಸಡಿಲ ಒಮ್ಮೆಗೇ ಮುಚ್ಚಿಕೊಂಡರೆ ಕೊನೆಯಲ್ಲಿ ಕೂತ ಗಾರ್ಡ್ ಸೀಟಿನಿಂದ ಎಗರಿ ಬೀಳುತ್ತಿದ್ದರು. ಹಾಗಂತ ಸಡಿಲ ಬೇಡವೇ ಬೇಡ ಅನ್ನುವಂತಿಲ್ಲ. ಹೊರಡುವಾಗ ಅದೇ ಸಹಾಯ ಮಾಡುತ್ತದೆ, ಐವತ್ತನ್ನೂ ಒಟ್ಟಿಗೆ ಅಲುಗಿಸುವ ಬದಲು ಒಂದೊಂದಾಗಿ ಎಳೆದುಕೊಂಡು ಹೋಗುತ್ತದೆ. ಖಟ್, ಖಟ್, ಖಟ್ ಅಂತ ದೂರಕ್ಕೆ ಓಡಿಹೋಗುವ ಸದ್ದು ಅದೇ.

ಶೆಡ್ಡಿನಲ್ಲಿ ನಾನು ಕಲಿತ ಮೊದಲ ಕೆಲಸ ಎಂಜಿನ್ ಶುರು ಮಾಡುವುದು ಅಲ್ಲ, ಶುರು ಮಾಡದೆ ತಿರುಗಿಸುವುದು. ಕೆಲವು ದಿನ ನಿಂತಿದ್ದ ಎಂಜಿನ್ನಿನ ಸಿಲಿಂಡರ್‌ನಲ್ಲಿ ನೀರು ಸೋರಿ ಸೇರಿರಬಹುದು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ. ನೋಡದೆ ಶುರು ಮಾಡಿದರೆ ತೋಳಿನಷ್ಟು ದಪ್ಪದ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗುತ್ತದೆ. ಹದಿನಾರೂ ಸಿಲಿಂಡರ್‌ಗಳ ಸಣ್ಣ ಟೆಸ್ಟ್ ಕಾಕ್ ತೆರೆದು, ಉದ್ದನೆ ಸಲಾಕೆ ಹಾಕಿ, ಇಬ್ಬರು ಸೇರಿ ಎಂಜಿನ್ನನ್ನು ಕೈಯಲ್ಲಿ ತಿರುಗಿಸುವುದು. ಒಂದೊಂದು ತೂತೂ ಉಸ್ ಅನ್ನುತ್ತದೆ. ಒಂದರಲ್ಲಿ ನೀರು ಚಿಮ್ಮಿದರೆ ಅವತ್ತಿನ ಊಟ ತಡ. ಎಲ್ಲ ಸರಿ ಇದ್ದರೆ ಕಾಕ್ ಮುಚ್ಚಿ, ಬ್ಯಾಟರಿಯಿಂದ ಕರೆಂಟ್ ಕೊಟ್ಟು ಜನರೇಟರ್ರನ್ನೇ ಮೋಟರ್ ಮಾಡಿ ತಿರುಗಿಸುತ್ತಾರೆ. ನಿಧಾನಕ್ಕೆ ನರಳುತ್ತದೆ, ಒಂದು ಸಿಲಿಂಡರ್ ಕೆಮ್ಮುತ್ತದೆ, ಇನ್ನೊಂದು, ಆಮೇಲೆ ನೆಲ ನಡುಗುತ್ತದೆ. ಆ ನಡುಕ ಕಾಲಿನಿಂದ ಹಲ್ಲಿಗೆ ಬರುವುದನ್ನು ಯಾವ ಫೋಟೋದಲ್ಲೂ ತೋರಿಸಲು ನನಗೆ ಆಗಿಲ್ಲ.

ಫೋಟೋದ ಮಾತು ಬಂತಲ್ಲ. ಹಳೆಯ ಡೀಸೆಲ್ ತೆಗೆಯುವವರಿಗೆ ಎರಡೇ ವಿಷಯ ಹೇಳುತ್ತೇನೆ. ಒಂದು, ಬಿಸಿಲು ಕೆಳಗೆ ಇರಲಿ. ನೆತ್ತಿ ಬಿಸಿಲಲ್ಲಿ ಎಂಜಿನ್ನಿನ ಬೋಗಿ ಕಪ್ಪು ಗುಂಡಿಯಾಗುತ್ತದೆ (ನಾವು ಡಬ್ಬಿಗೆ ಬೋಗಿ ಅನ್ನುತ್ತೇವೆ, ಶೆಡ್ಡಿನಲ್ಲಿ ಬೋಗಿ ಅಂದರೆ ಗಾಲಿಗಳನ್ನು ಹಿಡಿದಿರುವ ಕೆಳಗಿನ ಚೌಕಟ್ಟು). ಸ್ಪ್ರಿಂಗು, ಬ್ರೇಕ್ ಸಿಲಿಂಡರು, ಮರಳಿನ ಕೊಳವೆ, ಎಲ್ಲ ಕಥೆ ಇರುವುದು ಅಲ್ಲೇ. ಇನ್ನೊಂದು, ವೇಗದ ಲೆಕ್ಕ. 60 ಕಿ.ಮೀ. ವೇಗದ ರೈಲು 1/250 ಸೆಕೆಂಡಿನಲ್ಲಿ ಆರೂಮುಕ್ಕಾಲು ಸೆಂ.ಮೀ. ಸರಿದಿರುತ್ತದೆ. ಅಡ್ಡದಿಂದ ತೆಗೆದರೆ ನಂಬರ್ ಕಲಸಿಹೋಗುತ್ತದೆ, ಎದುರಿನಿಂದ ಓರೆಯಾಗಿ ತೆಗೆದರೆ ಬಚಾವು. ಬಹಳ ಬೆಳಕು ಬೇಡುವ 25 ಐಎಸ್‌ಒ ಕೊಡಾಕ್ರೋಮ್ ಫಿಲಂ ಹಾಕಿಕೊಂಡು ಓಡಾಡಿದವರಿಗೆ ಇದಕ್ಕಿಂತ ಜಾಸ್ತಿ ಶಟರ್ ಸ್ಪೀಡ್ ಕನಸಿನ ಮಾತು. ರೈಲು ಫೋಟೋದವರು ಏರುಗಳಲ್ಲೇ ಹೋಗಿ ಕೂರುತ್ತಿದ್ದದ್ದಕ್ಕೆ ಹೊಗೆಯಷ್ಟೇ ಈ ನಿಧಾನದ ಫಿಲಂ ಕೂಡ ಕಾರಣ. ಕೊಡಾಕ್ರೋಮ್ ತಯಾರಿಕೆಯೇ 2009ರಲ್ಲಿ ಪೂರ್ತಿ ನಿಂತಿತು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಏರು ಹತ್ತುವ ರೈಲು ಕಿಲೋಮೀಟರ್ ದೂರದಿಂದಲೇ ಕೇಳುತ್ತದೆ. ಇಳಿಯುವ ರೈಲು ಹಾಗಲ್ಲ. ಎಂಜಿನ್ ಸುಮ್ನೆ ಓಡುತ್ತಿರುತ್ತದೆ, ಭಾರವೇ ಅದನ್ನು ತಳ್ಳಿಕೊಂಡು ಬರುತ್ತದೆ, ಸದ್ದು ಕೇಳುವಷ್ಟರಲ್ಲಿ ಅದು ಮೈಮೇಲೆ ಇರುತ್ತದೆ. ಹಳಿಯ ಹತ್ತಿರ ನಿಂತು ಕ್ಯಾಮೆರಾದಲ್ಲಿ ಮುಳುಗುವುದು ಬೇಡ.

ಅವತ್ತು ಆ ಫಿಟ್ಟರ್ ನನ್ನ ಫೋಟೋವನ್ನು ತಿರುಗಿಸಿ ಹಿಂಬದಿ ನೋಡಿದ್ದರು. "ತಾರೀಖು ಬರೆದಿಲ್ವಲ್ಲೋ" ಅಂದರು. ತಾರೀಖು ಇದ್ದಿದ್ದರೆ, ಎಂಜಿನ್ ನಂಬರ್ ಮುಂದೇ ಕಾಣುತ್ತಿತ್ತಲ್ಲ, ಶೆಡ್ಡಿನ ಪುಸ್ತಕ ತೆಗೆದು ಫಿಲ್ಟರ್ ಬದಲಾಯಿಸಿದ್ದು ಯಾವಾಗ ಅಂತ ಹೋಲಿಸಿ ನೋಡುತ್ತಿದ್ದರಂತೆ. ಅಲ್ಲಿಂದ ಮುಂದೆ ಪ್ರತಿ ಪ್ರಿಂಟಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆಯುತ್ತಾ ಬಂದೆ: ತಾರೀಖು, ನಂಬರ್, ಎಷ್ಟು ವ್ಯಾಗನ್, ಗಾಳಿ ಇತ್ತೋ ಇಲ್ಲವೋ. ಅದೇ ತಿರುವಿನಲ್ಲಿ ಆಮೇಲೆ ತೆಗೆದ ಒಂದು ಫೋಟೋ ಇದೆ, ಆಕಾಶ ಖಾಲಿ, ನೋಡಲು ಸಪ್ಪೆ. ಹಿಂದೆ ಬರೆದಿದ್ದೇನೆ: 42 ವ್ಯಾಗನ್, ಗಾಳಿ ಇಲ್ಲ, ಹೊಗೆ ನಾಲ್ಕು ಸೆಕೆಂಡು, ಆಮೇಲೆ ಸಾಫ್.